ಕೆರಾಡಿಯ ಜಪಾನ್ ಚಂದಯ್ಯ

ಕಳೆದ ಡಿಸೆಂಬರಿನ ಒಂದು ಭಾನುವಾರ, ಕುಂದಾಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಒಬ್ಬ ನರ್ಸು ನಗುನಗುತ್ತಾ ಹೇಳಿದ ಮಾತು ಕೇಳಿ ನನ್ನ ಕೈಯಲ್ಲಿದ್ದ ಚಹಾ ಲೋಟ ನೆಲಕ್ಕೆ ಬಿತ್ತು. ಹೀಗೆ ಲೋಟ ಬೀಳುವುದೆಲ್ಲ ಧಾರಾವಾಹಿಗಳಲ್ಲಿ ಮಾತ್ರ ಎಂದುಕೊಂಡಿದ್ದೆ. ಅಲ್ಲ, ನಿಜವಾಗಿಯೂ ಬೀಳುತ್ತದೆ. ಕಾಗದದ ಲೋಟವಾದ್ದರಿಂದ ಸದ್ದಾಗಲಿಲ್ಲ, ಅಷ್ಟೇ. ಬಿಸಿ ಚಹಾ ಕಾಲಿನ ಮೇಲೆ ಚೆಲ್ಲಿದ್ದೂ ನನಗೆ ಗೊತ್ತಾಗಲಿಲ್ಲ.

ನನ್ನ ಹೆಸರು ಗುಡ್ಡ. ಸಿದ್ದಾಪುರ ಪೇಟೆಯಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಇದು ನನ್ನ ಕತೆಯಲ್ಲ, ಏಳನೇ ಕ್ಲಾಸಿನವರೆಗೆ ನನ್ನ ಜೊತೆ ಓದಿದ ಕೆರಾಡಿಯ ಚಂದಯ್ಯ ಶೆಟ್ಟಿಯದು. ಆದರೆ ಇದರಲ್ಲಿ ನನ್ನ ತಪ್ಪೂ ಒಂದು ಪಾಲು ಇದೆ ಎಂದು ಆಮೇಲೆ ತಿಳಿಯಿತು. ಹಾಗಾಗಿ ನಾನೇ ಹೇಳುವುದು ಸರಿ.

ಸಿದ್ದಾಪುರದ ಬಸ್ ನಿಲ್ದಾಣದ ಎದುರು ಚಂದಯ್ಯನದೊಂದು ಸಣ್ಣ ಹೋಟೆಲು. ಬನ್ಸ್, ಗೋಳಿಬಜೆ, ಚಹಾ. ಮಧ್ಯಾಹ್ನ ಮೀನು ಸಾರಿನ ಊಟ. ಅಂಥ ಹೋಟೆಲುಗಳು ನಮ್ಮ ಕಡೆ ಊರಿಗೆ ನಾಲ್ಕಿವೆ. ಆದರೆ ಚಂದಯ್ಯನ ಹೋಟೆಲಿನೊಳಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಕುಳಿತ ಕೂಡಲೇ ಕೈ ಒರೆಸಲು ಬಿಸಿನೀರಲ್ಲಿ ಹಿಂಡಿದ ಸಣ್ಣ ಬಟ್ಟೆ ಬರುತ್ತದೆ. ಚಹಾವನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಾಗಿ ಕೊಡುತ್ತಾನೆ. ಕಸಕ್ಕೆ ಐದು ಬುಟ್ಟಿ: ಬಾಳೆ ಎಲೆಗೆ ಬೇರೆ, ಹಾಲಿನ ಪ್ಯಾಕೆಟ್ಟಿಗೆ ಬೇರೆ, ಬಾಟಲಿಗೆ ಬೇರೆ. ಯಾರಾದರೂ ಅನ್ನ ಬಿಟ್ಟರೆ ಬೈಯುವುದಿಲ್ಲ, ಆ ಎಲೆಯ ಎದುರು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾನೆ. ಬೈದಿದ್ದರೇ ವಾಸಿ ಅನ್ನಿಸುತ್ತದೆ. ಮೊದಮೊದಲು ನಕ್ಕವರೇ ಆಮೇಲೆ ಅಭ್ಯಾಸ ಮಾಡಿಕೊಂಡರು. ಹೈಸ್ಕೂಲಿನ ಮಕ್ಕಳು ಗೋಳಿಬಜೆ ಮುಟ್ಟುವ ಮೊದಲು ಕೈ ಜೋಡಿಸಿ 'ಇತದಾಕಿಮಾಸ್' ಎನ್ನುತ್ತಿದ್ದರು. ಉಣ್ಣುವ ಮುಂಚೆ ಅನ್ನಕ್ಕೂ ಬೆಳೆದವರಿಗೂ ಬೇಯಿಸಿದವರಿಗೂ ಸೇರಿಸಿ ಹೇಳುವ ಉಪಕಾರಸ್ಮರಣೆಯ ಮಾತು ಅದು ಎಂದು ಚಂದಯ್ಯನೇ ಕಲಿಸಿದ್ದ.

ಅವನು ಹೇಳುವ ಜಪಾನಿನಲ್ಲಿ ಎತ್ತರದ ಕಟ್ಟಡಗಳಿರಲಿಲ್ಲ, ವೇಗದ ರೈಲುಗಳಿರಲಿಲ್ಲ. ಆರು ವರ್ಷದ ಮಗು ಹಳದಿ ಟೋಪಿ ಹಾಕಿಕೊಂಡು ಒಂಟಿಯಾಗಿ ಶಾಲೆಗೆ ನಡೆದು ಹೋಗುತ್ತದೆ, ದಾರಿಯುದ್ದಕ್ಕೂ ಅಂಗಡಿಯವರೆಲ್ಲ ಕಣ್ಣಿಟ್ಟಿರುತ್ತಾರೆ ಎನ್ನುತ್ತಿದ್ದ. ಹೊರಗೆ ಮೈ ತೊಳೆದುಕೊಂಡ ಮೇಲೆಯೇ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು, ಮನೆಮಂದಿಗೆಲ್ಲ ಒಂದೇ ನೀರು, ಹಿರಿಯರಿಗೆ ಮೊದಲು. ಬಂಗುಡೆ ಒಣಗಿಸುವ ಹಾಗೆ ಅಲ್ಲಿ ಹತ್ತು ಕಾಲಿನ ಕಪ್ಪೆಬೊಂಡಾಸ್ ಮೀನನ್ನು ಬಿದಿರಿನ ಗಳುವಿಗೆ ಸಾಲಾಗಿ ನೇತು ಹಾಕುತ್ತಾರೆ. ಚಳಿಗಾಲದಲ್ಲಿ ಹಿಮ ಮಾಡಿನ ಅಂಚಿನವರೆಗೆ ಬಂದರೆ ಒಂದು ಮನೆಯ ಬಾಗಿಲಿಂದ ಇನ್ನೊಂದು ಮನೆಯ ಬಾಗಿಲಿಗೆ ಸುರಂಗ ತೋಡುತ್ತಾರೆ. ಅವನು ಬಾಡಿಗೆಗಿದ್ದ ಮನೆಯ ಯಜಮಾನಿ ಕಿಯೊ ಅಮ್ಮ. ಕಡಲಿಗೆ ಹೋದವರು ಬರುವವರೆಗೆ ದೋಣಿ ಕಟ್ಟುವ ದಕ್ಕೆಯ ತುದಿಯಲ್ಲಿ ಕೂತು ಕಾಯುವ ಹೆಂಗಸು. ತನ್ನ ಪಾಲಿನ ಮೀನಿನ ತಲೆಯನ್ನು ಅವಳು ಯಾವಾಗಲೂ ಇವನಿಗೇ ಇಡುತ್ತಿದ್ದಳಂತೆ. ಹೆಂಡತಿಯ ತವರಿನ ಬಗ್ಗೆ ಹೇಳುವವರ ಹಾಗೆ ಹೇಳುತ್ತಿದ್ದ. ಆ ಕತೆಗಳನ್ನು ನಾನು ಬಾಡಿಗೆಗೆ ಬಂದವರಿಗೆಲ್ಲ ಹೇಳಿದ್ದೇನೆ. ಬೈಂದೂರು ರೈಲು ನಿಲ್ದಾಣ ಮುಟ್ಟುವಷ್ಟು ಹೊತ್ತು ಚಂದಯ್ಯನ ಜಪಾನು ಸಾಕಾಗುತ್ತಿತ್ತು.

ಮದುವೆಯಾದದ್ದು ಗುಲ್ವಾಡಿಯ ಶ್ರೀಲತಾಳನ್ನು. ಅವಳ ಅಪ್ಪ ದುಗ್ಗಪ್ಪ ಶೆಟ್ರು ಹೊಳೆ ಬದಿಯಲ್ಲಿ ಗದ್ದೆ ಇಟ್ಟುಕೊಂಡವರು. 'ನಮ್ ಅಳಿಯ ಜಪಾನಂಗಿಪ್ಪುದ್' ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದವರು. ಮದುವೆಯಾಗಿ ಎಂಟು ತಿಂಗಳು ಚಂದಯ್ಯ ಮತ್ತೆ ಹೊರಗಿದ್ದ. ಆಮೇಲೆ ಪೂರ್ತಿ ಊರಿಗೆ ಬಂದು ಹೋಟೆಲು ಹಾಕಿದ. ಒಬ್ಬಳೇ ಮಗಳು ಪ್ರಣೀತಾ, ಈಗ ಎರಡನೇ ಪಿಯುಸಿ. ಅವಳಿಗೆ ಅಪ್ಪನೇ ಅಡುಗೆಮನೆಯಲ್ಲಿ ಜಪಾನಿ ಭಾಷೆ ಕಲಿಸಿದ್ದ.

ಆ ಭಾನುವಾರ ಆದದ್ದಿಷ್ಟು. ಬಾಳೆಬರೆ ಘಾಟಿಯಿಂದ ಒಂಟಿಯಾಗಿ ಸೈಕಲಿನಲ್ಲಿ ಇಳಿದು ಬರುತ್ತಿದ್ದ ವಿದೇಶಿ ಹೆಂಗಸೊಬ್ಬಳು ತಿರುವಿನಲ್ಲಿ ಜಲ್ಲಿಯ ಮೇಲೆ ಜಾರಿ ಬಿದ್ದಳು. ಹಿಂದೆ ಬಂದ ಲಾರಿಯವನು ಅವಳನ್ನೂ ಸೈಕಲನ್ನೂ ಹಾಕಿಕೊಂಡು ಬಂದು ಸಿದ್ದಾಪುರ ಪೇಟೆಯಲ್ಲಿ ಇಳಿಸಿದ. ಎಡ ಭುಜ ಜೋತು ಬಿದ್ದಿತ್ತು. ಮುಖ ಸುಣ್ಣದ ಹಾಗೆ. ಸುತ್ತ ಜನ ಸೇರಿದರು. ಅವಳು ಏನೋ ಹೇಳುತ್ತಾಳೆ, ಯಾರಿಗೂ ಅರ್ಥವಾಗುವುದಿಲ್ಲ.

"ಚೀನಾದವ್ಳ್ ಕಾಣ್," ಎಂದ ಒಬ್ಬ.

"ಅಲ್ಲ ಮರಾಯ, ಚೀಲದ್ ಮೇಲಿಪ್ಪುದ್ ಜಪಾನಿ ಅಕ್ಷರ. ಹ್ವಾಯ್, ಚಂದಯ್ಯನ್ನ ಕರಿನಿ! ಊರಂಗೆ ಜಪಾನಿನವ್ರ್ ಇಪ್ಪಾಗ ಎಂತಕ್ ಹೆದ್ರುದ್!" ಎಂದ ಇನ್ನೊಬ್ಬ. ಅವನ ದನಿಯಲ್ಲಿದ್ದ ಹೆಮ್ಮೆ ನನಗೂ ಇತ್ತು.

ಚಂದಯ್ಯ ಕೈ ಒರೆಸಿಕೊಳ್ಳುತ್ತಾ ಬಂದ. ಅವಳ ಪಕ್ಕ ಮಂಡಿಯೂರಿ ಕೂತು ಮೆಲ್ಲಗೆ ಏನೋ ಕೇಳಿದ. ಆ ಹೆಂಗಸು ತಲೆಯೆತ್ತಿ ನೋಡಿದ ರೀತಿಯನ್ನು ನಾನು ಮರೆಯುವುದಿಲ್ಲ. ನೋವಿನಲ್ಲಿದ್ದವಳು ನೋವನ್ನೇ ಮರೆತು ಬಾಯಿ ತೆರೆದು ಅವನ ಮುಖವನ್ನೇ ನೋಡಿದಳು. ಇವನು ಯಾರು, ಎಲ್ಲಿಂದ ಬಂದ ಎಂಬ ಹಾಗೆ. ಆಮೇಲೆ ಅಳಲು ಶುರು ಮಾಡಿದಳು.

ಹೆಸರು ನತ್ಸುಮಿ. ವಯಸ್ಸು ಮೂವತ್ತಮೂರು. ಅವಳ ಊರಿನಲ್ಲಿ ಶಾಲಾ ಟೀಚರು. ಇಷ್ಟನ್ನು ಚಂದಯ್ಯ ನಮಗೆ ಹೇಳುವ ಹೊತ್ತಿಗೆ ನಾನು ಕಾರು ತಂದಿದ್ದೆ. ಹೆಂಗಸೊಬ್ಬಳು ಜೊತೆಗಿದ್ದರೆ ಒಳ್ಳೆಯದೆಂದು ಶ್ರೀಲತಾ ಹೋಟೆಲಿನ ಒಲೆ ಆರಿಸಿ ಬಂದಳು. ಕುಂದಾಪುರದವರೆಗೂ ನತ್ಸುಮಿಯ ತಲೆ ಅವಳ ಮಡಿಲಲ್ಲೇ ಇತ್ತು. ರಸ್ತೆಯ ಗುಂಡಿ ಬಂದಾಗಲೆಲ್ಲ ಶ್ರೀಲತಾ "ಮೆಲ್ಲಗ್ ಗುಡ್ಡಣ್ಣ, ಮೆಲ್ಲಗ್" ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯಿತು. ಕೊರಳಿನ ಬುಡದ ಎಲುಬು ಮುರಿದಿತ್ತು, ಆಪರೇಷನ್ ಬೇಕು ಎಂದರು. ಯಾವ ಮದ್ದು ಮೈಗೆ ಆಗುವುದಿಲ್ಲ, ಮನೆಯವರ ಫೋನ್ ನಂಬರ್ ಯಾವುದು, ಎಲ್ಲವನ್ನೂ ಚಂದಯ್ಯ ಕೇಳಿ ಹೇಳಿದ. ಡಾಕ್ಟರೂ ಬೆರಗಾದರು. ನೋವಿನ ಇಂಜೆಕ್ಷನ್ ಕೊಟ್ಟ ಮೇಲೆ ನತ್ಸುಮಿಯ ಮುಖ ಸ್ವಲ್ಪ ಸಡಿಲವಾಯಿತು. ಅವಳು ಚಂದಯ್ಯನನ್ನು ಏನೋ ಕೇಳಿದಳು. ಅವನು ಮಂಚದ ಚಾದರ ಸರಿಮಾಡಿದ. ಅವಳು ಮತ್ತೆ ಕೇಳಿದಳು. ಅವನು ನೆಲ ನೋಡುತ್ತಾ ಬಹಳ ಸಣ್ಣ ದನಿಯಲ್ಲಿ ಎರಡು ಮೂರು ಮಾತು ಹೇಳಿದ.

ನತ್ಸುಮಿ ಬಲಗೈಯಲ್ಲಿ ಬಾಯಿ ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ನರ್ಸು ಅನಿಷಾಳ ಕೈ ಹಿಡಿದು ಹರುಕುಮುರುಕು ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ಅನಿಷಾಳ ಮುಖ ಅರಳಿತು. ಅವಳು ಶ್ರೀಲತಾಳ ಕಡೆ ತಿರುಗಿದಳು.

"ಅಕ್ಕಾ, ನಿಮ್ ಯಜಮಾನ್ರ್ ಎಂಥಾ ಬುದ್ವಂತ್ರ್ ಮರಾಯ್ರೆ! ಜಪಾನಿಗ್ ಒಂದ್ ಸಲವೂ ಹೋಯ್ಲಿಲ್ಲ ಅಂಬ್ರ್! ಹೋಗ್ದೆ ಇದ್ದೂ ಈ ಪೇಷಂಟಿನ್ ಅಜ್ಜಿ ಮಾತಾಡ್ದಂಗೇ ಮಾತಾಡ್ತ್ರ್ ಅಂಬ್ರ್!"

ಆಗಲೇ ನನ್ನ ಲೋಟ ಬಿದ್ದದ್ದು.

ಶ್ರೀಲತಾ ಮೊದಲು ನಕ್ಕಳು. "ಇಲ್ಲೆ ತಂಗಿ, ನೀನ್ ಸಮ ಕೇಣ್ಲಿಲ್ಲ ಕಾಣ್. ಇವ್ರ್ ಅಲ್ಲಿ ಹನ್ನೊಂದ್ ವರ್ಷ ಇದ್ದ್ ಬಂದವ್ರ್," ಎಂದು ಗಂಡನ ಕಡೆ ನೋಡಿದಳು, ಹೌದೆನ್ನಲಿ ಎಂದು. ಚಂದಯ್ಯ ತಲೆ ಎತ್ತಲೇ ಇಲ್ಲ. ಅವಳ ನಗು ಮುಖದಲ್ಲೇ ಉಳಿಯಿತು, ತೆಗೆಯುವುದು ಹೇಗೆಂದು ಗೊತ್ತಿಲ್ಲದವರ ಹಾಗೆ. ಅನಿಷಾ ಇನ್ನೂ ಹೊಗಳುತ್ತಲೇ ಇದ್ದಳು. ಪಾಪ, ಅವಳಿಗೇನು ಗೊತ್ತು.

ಸಂಜೆ ನತ್ಸುಮಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ನಾವು ಮೂವರು ವಾಪಸ್ ಹೊರಟೆವು. ಆಗಷ್ಟೇ ತಲ್ಲೂರು ದಾಟಿದ್ದೆವು.

"ಹಿಮ?" ಎಂದಳು ಶ್ರೀಲತಾ.

ಚಂದಯ್ಯ ಕಿಟಕಿಯ ಗಾಜು ಇಳಿಸಿದ.

"ಪ್ರಣೀತಾ ಹುಟ್ಟಿ ಎಂಟನೇ ದಿನಕ್ಕೆ ನಂಗ್ ಜ್ವರ ಬಂದ್ ಮೈ ಕೆಂಡ ಆದಾಗ ಮಧ್ಯಾಹ್ನ ಇಡೀ ಪಕ್ಕದಂಗ್ ಕೂಕಂಡ್ ಹಿಮದ್ ಕಥಿ ಹೇಳ್ದ್ರಿ. ಮುಟ್ಟಿರೆ ಹ್ಯಾಂಗಾತ್ತ್, ಬಾಯಂಗ್ ಹಾಕಿರೆ ಹ್ಯಾಂಗಾತ್ತ್ ಅಂದೇಳಿ. ಆ ಹಿಮ ಎಲ್ಲಿದ್?"

"ಮೊರಿತಾ ಸಾನ್ ಹೇಳ್ದದ್," ಎಂದ ಚಂದಯ್ಯ. ತನ್ನ ಅಂಗೈ ನೋಡಿಕೊಂಡು, "ನಾನ್ ಮೀನಿನ್ ಐಸ್ ಪೆಟ್ಟಿಗೆಯಂಗ್ ಕೈ ಇಟ್ಟ್ ಕಂಡಿದ್ದೆ," ಎಂದ.

"ಮೊರಿತಾ ಅಂದ್ರೆ ಯಾರ್?"

ಹತ್ತೊಂಬತ್ತು ವರ್ಷಗಳಲ್ಲಿ ಆ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ. ನಾನೂ ಕೇಳಿರಲಿಲ್ಲ.

"ಗುಡ್ಡಣ್ಣ, ಗುಲ್ವಾಡಿ ಬದಿಗ್ ತಿರ್ಗ್ಸಿ," ಎಂದಳು ಅವಳು. ತವರಿನ ಅಂಗಳದಲ್ಲಿ ಇಳಿದವಳು ಹಿಂದೆ ತಿರುಗಿ ನೋಡಲಿಲ್ಲ.

ಕೆರಾಡಿಯಲ್ಲಿ ಪ್ರಣೀತಾ ಬಾಗಿಲಲ್ಲೇ ನಿಂತಿದ್ದಳು. ಅಮ್ಮ ಅವಳಿಗೆ ಫೋನು ಮಾಡಿದ್ದಳು. ಆ ಹುಡುಗಿ ಅಳಲಿಲ್ಲ, ಕೂಗಲಿಲ್ಲ. ಬಹಳ ಶಾಂತವಾಗಿ ಕೇಳಿದಳು.

"ಅಪ್ಪಯ್ಯ, ನಂಗ್ ಕಲ್ಸಿದ್ ಜಪಾನಿ ಆದ್ರೂ ಸಮ ಇತ್ತಾ, ಅದೂ ಸುಳ್ಳಾ?"

ಚಂದಯ್ಯ ಹೊಸ್ತಿಲ ಮೇಲೆ ಕೂತುಬಿಟ್ಟ. ಹೆಂಡತಿ ಇಳಿದು ಹೋದಾಗಲೂ ಅವನ ಮುಖ ಹಾಗಾಗಿರಲಿಲ್ಲ. ಮರುದಿನವೇ ಪ್ರಣೀತಾ ಬಟ್ಟೆ ಪುಸ್ತಕ ಕಟ್ಟಿಕೊಂಡು ಅಮ್ಮನ ಹತ್ತಿರ ಹೋದಳು.

ಊರಿಗೆ ಎರಡೇ ದಿನದಲ್ಲಿ ಗೊತ್ತಾಯಿತು. ನಕ್ಕವರು ಬಹಳ. ಆದರೆ ನಿಜ ಹೇಳಬೇಕೆಂದರೆ ಜನ ನಗುವ ಮೊದಲು ಒಂದು ಗಳಿಗೆ ದಂಗಾಗಿ ನಿಲ್ಲುತ್ತಿದ್ದರು. ದಿನಾ ಕೈ ಜೋಡಿಸಿ ಗೋಳಿಬಜೆ ತಿಂದವರಿಗೆ ತಮ್ಮದೇ ಏನೋ ಕಳೆದುಹೋದ ಹಾಗೆ. ನನಗಂತೂ ಸಿಟ್ಟು ಬಂದಿತ್ತು. ಎಷ್ಟು ಜನರಿಗೆ ಹೇಳಿದ್ದೆ! ಹೋಟೆಲಿನ ಬಾಗಿಲು ಎಳೆದು ಆರು ದಿನವಾದ ಮೇಲೆ, ಒಂದು ಬೆಳಿಗ್ಗೆ ನಾನು ಹಿಂಬಾಗಿಲಿನಿಂದ ಒಳಗೆ ಹೋದೆ. ಚಂದಯ್ಯ ಖಾಲಿ ಬೆಂಚುಗಳನ್ನು ಒರೆಸುತ್ತಿದ್ದ.

"ಎಂತಕ್ ಮಾಡ್ದೆ ಮರಾಯ?" ಎಂದೆ.

ಅವನು ಬಟ್ಟೆ ಮಡಚಿಟ್ಟು ಕೂತು ಎಲ್ಲವನ್ನೂ ಹೇಳಿದ. ಹದಿನೇಳನೇ ವಯಸ್ಸಿನಲ್ಲಿ ಮುಂಬಯಿಯ ಹೋಟೆಲಿಗೆ ಹೋದವನು ಕೆಲವು ವರ್ಷಗಳ ಮೇಲೆ ಪುಣೆಗೆ ಹೋದ. ಅಲ್ಲಿ ಒಂದು ಕಾರ್ಖಾನೆಗೆ ಬಂದ ಜಪಾನಿ ಇಂಜಿನಿಯರುಗಳಿಗಾಗಿ ಒಂದು ಅತಿಥಿಗೃಹ. ಅವರಿಗೆ ನಮ್ಮ ಊಟ ಸೇರದೆ, ಅವರ ಊರಿನಿಂದಲೇ ಒಬ್ಬ ಮುದಿ ಅಡುಗೆಯವನನ್ನು ಕರೆಸಿದ್ದರು. ಅವರೇ ಮೊರಿತಾ; 'ಸಾನ್' ಎಂದರೆ ನಮ್ಮ 'ಅವರು' ಇದ್ದ ಹಾಗೆ. ಜಪಾನಿನ ಪಡುಗಡಲ ತೀರದ ಒಂದು ಮೀನುಗಾರರ ಹಳ್ಳಿಯವರು. ಇಂಗ್ಲಿಷೂ ಬಾರದು, ಹಿಂದಿಯೂ ಬಾರದು. ಇಂಜಿನಿಯರುಗಳು ಬೆಳಿಗ್ಗೆ ಹೋದರೆ ಸಂಜೆ ಬರುವವರು. ಇಡೀ ದಿನ ಅಡುಗೆಮನೆಯಲ್ಲಿ ಇವರಿಬ್ಬರೇ, ಹನ್ನೊಂದು ವರ್ಷ.

"ಅವ್ರ್ ಮಾತಾಡ್ದೇ ಇದ್ರೆ ಸತ್ತ್ ಹೋತಿದ್ರ್ ಗುಡ್ಡ. ಮಾತಾಡುಕೆ ನಾನ್ ಒಬ್ನೇ ಇದ್ದದ್. ಹಾಂಗಾಯಿ ಕಲ್ತೆ," ಎಂದ. ಕೈ ಒರೆಸುವ ಬಟ್ಟೆ, ಚಪ್ಪಲಿ, ಕಸದ ಬುಟ್ಟಿ, ಹಿಮ, ಕಿಯೊ ಅಮ್ಮ ಎಲ್ಲವೂ ಅವರು ಹೇಳಿದ್ದು. ಕಿಯೊ ಮೊರಿತಾರ ಹೆಂಡತಿ. ಕೊನೆಗೆ ಮೊರಿತಾರ ಆರೋಗ್ಯ ಕೆಟ್ಟು ಕಂಪನಿಯವರು ಅವರನ್ನು ಊರಿಗೆ ಕಳಿಸಿದರು. ನಾಲ್ಕು ತಿಂಗಳಲ್ಲಿ ಸತ್ತ ಸುದ್ದಿ ಬಂತು. ಅತಿಥಿಗೃಹವೂ ಮುಚ್ಚಿತು.

"ಅಷ್ಟನ್ನೇ ಊರಂಗೆ ಹೇಳ್ಲಕ್ಕಿತ್ತಲೆ?"

ಚಂದಯ್ಯ ನನ್ನ ಮುಖ ನೋಡಿದ. "ನಿಂಗ್ ನೆನ್ಪಿಲ್ಯಾ? ಪುಣೆಯಿಂದ ರಜೆಯಂಗ್ ಬಂದಾಗ ನಮ್ಮಮ್ಮನ್ನ ಕೂರ್ಸ್ಕಂಡ್ ಬಸ್ ಸ್ಟ್ಯಾಂಡಿಗ್ ನೀನೇ ಜೀಪ್ ತಂದದ್. ಮೊರಿತಾ ಸಾನ್ ಕೊಟ್ಟ ಜಪಾನಿ ಅಕ್ಷರದ್ ಚೀಲ ಕಂಡ್ ನೀನೇ ಕೇಂಡದ್, 'ಹ್ವಾಯ್, ಜಪಾನಂಗಿದ್ದ್ಯಾ ನೀನ್?' ಅಂದೇಳಿ. ಇಲ್ಲೆ ಅಂಬುಕೆ ಬಾಯ್ ತೆಗ್ದೆ. ಅಷ್ಟ್ರಂಗ್ ಅಮ್ಮ 'ಜಪಾನಾ!' ಅಂದ್ರ್. ಅಮ್ಮನ ಮುಖ ನೀನ್ ಕಾಣ್ಲಿಲ್ಲ. ಜನ್ಮದಂಗ್ ಅಷ್ಟ್ ಖುಷಿಯಂಗ್ ಕಂಡದ್ದಿಲ್ಲೆ. ಬಾಯ್ ಮುಚ್ಕಂಡೆ."

ನೆನಪಿತ್ತು. ಅವನು ಆಗ ಸುಮ್ಮನೆ ನಕ್ಕದ್ದನ್ನು ಹೌದೆಂದುಕೊಂಡು, ಅದೇ ಸಂಜೆ ಪೇಟೆಯಿಡೀ ಹೇಳಿದವನೂ ನಾನೇ. ಅವನನ್ನು ಬೈಯಬೇಕೆಂದು ಹೋದವನು ಅವನು ಮಡಚಿಟ್ಟ ಬಟ್ಟೆ ಎತ್ತಿಕೊಂಡು ಪಕ್ಕದ ಬೆಂಚು ಒರೆಸಿದೆ.

"ಆಸ್ಪತ್ರೆಯಂಗೆ ಆ ಹೆಣ್ಣಿಗಾರೂ ಎಂತಾರ್ ಒಂದ್ ಊರಿನ ಹೆಸ್ರ್ ಹೇಳ್ಲಕ್ಕಿತ್ತಲೆ?" ಎಂದೆ ಕೊನೆಗೆ.

"ಆ ಭಾಷೆಯಂಗೆ ನಂಗ್ ಸುಳ್ಳ್ ಹೇಳುಕೆ ಬತ್ತಿಲ್ಲೆ ಮರಾಯ," ಎಂದ.

ಮಾರನೇ ದಿನ ಅವನನ್ನು ಗುಲ್ವಾಡಿಗೆ ಕರೆದುಕೊಂಡು ಹೋದೆ. ಮಾವನ ಎದುರು ನಿಂತು ತಪ್ಪೊಪ್ಪಿಕೊಳ್ಳುತ್ತೇನೆ ಎಂದಿದ್ದ. ದುಗ್ಗಪ್ಪ ಶೆಟ್ರಿಗೆ ಈಗ ಎಂಬತ್ತೊಂದು. ಜಗಲಿಯಲ್ಲಿ ಕೂತಿದ್ದರು. ಶ್ರೀಲತಾ ಒಳಬಾಗಿಲ ಹತ್ತಿರ ಹೊಳೆಯ ಸಿಗಡಿಯ ಸಿಪ್ಪೆ ಬಿಡಿಸುತ್ತಿದ್ದಳು. ನಮ್ಮನ್ನು ಕಂಡರೂ ಎದ್ದು ಹೋಗಲಿಲ್ಲ, ಮಾತಾಡಿಸಲೂ ಇಲ್ಲ. ಚಂದಯ್ಯ ಮಾವನ ಕಾಲು ಮುಟ್ಟಿ ನಿಂತು, "ಮಾವ, ನಾನ್ ಜಪಾನಿಗ್ ಹೋದವ ಅಲ್ಲ. ನಿಮ್ ಹತ್ರ ಸುಳ್ಳ್ ಹೇಳಿ ಹೆಣ್ಣ್ ತಕಂಡ್ ಹೋದೆ," ಎಂದ.

ಮುದುಕರು ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು ಬಂದು ಕೂತರು.

"ನಂಗ್ ಮದ್ವಿ ಮುಂಚೆಯೇ ಗೊತ್ತಿತ್ತ್," ಎಂದರು.

ಶ್ರೀಲತಾಳ ಕೈಯಲ್ಲಿದ್ದ ಸಿಗಡಿ ಪಾತ್ರೆಯ ಹೊರಗೆ ಬಿತ್ತು. ಚಂದಯ್ಯನ ಕೈ ಮುಗಿದದ್ದು ಮುಗಿದ ಹಾಗೇ ನಿಂತಿತು.

ಸಂಬಂಧ ಕೇಳಿ ಬಂದಾಗ ಮುಂಬಯಿಯಲ್ಲಿದ್ದ ನೆಂಟರೊಬ್ಬರು, ಆ ಹುಡುಗ ಇರುವುದು ಪುಣೆಯಲ್ಲಿ ಎಂದು ಹೇಳಿದ್ದರಂತೆ. ಹೆಣ್ಣು ಕೊಡುವವರು ಸುಮ್ಮನಿರುತ್ತಾರೆಯೇ? ದುಗ್ಗಪ್ಪ ಶೆಟ್ರು ಬಸ್ಸು ಹತ್ತಿ ಪುಣೆಗೆ ಹೋಗಿ, ಅತಿಥಿಗೃಹದ ಗೇಟಿನ ಹೊರಗೆ ನಿಂತು ನೋಡಿದ್ದರು.

"ಒಬ್ರ್ ಮುದ್ಕ್ರನ್ನ ಅಂಗಳದಂಗ್ ಕುರ್ಚಿ ಮೇಲ್ ಕೂರ್ಸಿ, ಇವ್ರ್ ನೆಲ್ದಂಗ್ ಕೂಕಂಡ್ ಅವ್ರ್ ಕಾಲಿನ ಉಗುರ್ ತೆಗಿತಿದ್ರ್. ಇಬ್ರೂ ಎಂತದೋ ಹೇಳ್ಕಂಡ್ ನಗಾಡ್ತಿದ್ರ್. ಹೆತ್ತ ಅಪ್ಪನ್ ಕಾಲ್ ಮುಟ್ಟುವರ್ ಇಲ್ಲೆ ಈಗ. ಸಾಕ್, ಇವ್ರಿಗ್ ಹೆಣ್ಣ್ ಕೊಡ್ಲಕ್ಕ್ ಅಂದೇಳಿ ಅಲ್ಲಿಂದಲೇ ತಿರ್ಗಿ ಬಂದೆ."

"ಮತ್ತೆ ನಂಗ್ ಎಂತಕ್ ಹೇಳ್ಲಿಲ್ಲ?" ಶ್ರೀಲತಾ ಎದ್ದು ನಿಂತಿದ್ದಳು.

"ಜಪಾನಿನ್ ಅಳಿಯ ಅಂದ್ರೆ ಊರಂಗೆ ಮರ್ಯಾದಿಯೇ ಬೇರೆ ಹೆಣೆ," ಎಂದರು ಮುದುಕರು, ಮೊದಲ ಸಲ ನಾಚಿಕೆಯಿಂದ.

ಅವಳು ಅಪ್ಪನನ್ನು ನೋಡಿದಳು. ಗಂಡನನ್ನು ನೋಡಿದಳು. "ಮನಿಯಂಗ್ ನಾನ್ ಒಬ್ಳೇ ಪೆದ್ದಿ ಹಾಂಗಾರೆ," ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಾವು ಬಂದ ದಾರಿಯಲ್ಲೇ ಹಿಂದೆ ಬಂದೆವು.

ಇದರ ನಡುವೆ ನತ್ಸುಮಿಗೆ ಆಪರೇಷನ್ ಆಗಿ ಆಸ್ಪತ್ರೆಯಿಂದ ಬಿಟ್ಟಿದ್ದರು. ಮೂರು ವಾರ ವಿಮಾನ ಹತ್ತಬೇಡ ಎಂದಿದ್ದರು. ಲಾಡ್ಜಿನಲ್ಲಿ ಒಂದೇ ಕೈಯಲ್ಲಿ ಅವಳು ಹೇಗಿರುವುದು? ತನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಅಕ್ಕ ಎಲ್ಲಿ ಎಂದು ಅನಿಷಾಳ ಹತ್ತಿರ ಕೇಳಿದಳಂತೆ. ಶ್ರೀಲತಾ ಹೋಗಿ ಗುಲ್ವಾಡಿಗೆ ಕರೆದುಕೊಂಡು ಬಂದಳು. ಈ ಗಲಾಟೆಗೆಲ್ಲ ತಾನೇ ಕಾರಣ ಎಂದು ತಿಳಿದು ನತ್ಸುಮಿ ಅಂಗಳದಲ್ಲಿ ನಿಂತು ಸೊಂಟ ಬಗ್ಗಿಸಿ ಎಷ್ಟೋ ಹೊತ್ತು ಕ್ಷಮೆ ಕೇಳಿದಳಂತೆ. ಶ್ರೀಲತಾಳೇ ಹಿಡಿದು ಎತ್ತಬೇಕಾಯಿತು.

ಆಮೇಲೆ ಶ್ರೀಲತಾ ಒಂದು ಕೆಲಸ ಮಾಡಿದಳು. ಗಂಡ ಹೇಳಿದ್ದ ಒಂದೊಂದೇ ಕತೆಯನ್ನು ನೆನಪು ಮಾಡಿಕೊಂಡು, ಮಗಳ ಬಾಯಿಂದ ನತ್ಸುಮಿಯ ಹತ್ತಿರ ಕೇಳಿಸತೊಡಗಿದಳು. ಹಳದಿ ಟೋಪಿ ಹೌದಾ? ಹೌದು. ಒಂದೇ ತೊಟ್ಟಿ ನೀರು? ಹೌದು. ಹಿಮದ ಸುರಂಗ? ಅಜ್ಜಿಯ ಕಾಲದಲ್ಲಿ ಹೌದು. ಬಿದಿರಿನ ಮೇಲೆ ಮೀನು? ಈಗಲೂ ಹೌದು. ಹಾಗೆ ನಾಲ್ಕು ದಿನ.

"ಒಂದಾರೂ ಸುಳ್ಳಾಯಿದ್ದಿದ್ರೆ ಸಮಾ ಸಿಟ್ ಮಾಡ್ಕಂಬುಕಾತಿತ್ತ್ ಗುಡ್ಡಣ್ಣ," ಎಂದು ನನಗೇ ಹೇಳಿದಳು, ತಲೆ ಮೇಲೆ ಕೈ ಹೊತ್ತು. "ಎಲ್ಲ ಸತ್ಯವೇ. ಕಂಡವ್ರ್ ಮಾತ್ರ ಬೇರೆ."

ಪ್ರಣೀತಾಳ ಭಾಷೆಯ ಬಗ್ಗೆಯೂ ನತ್ಸುಮಿ ಹೇಳಿದಳು: ಒಂದಕ್ಷರ ತಪ್ಪಿಲ್ಲ, ಆದರೆ ಹದಿನೇಳರ ಹುಡುಗಿ ಎಪ್ಪತ್ತರ ಮೀನುಗಾರನ ಹಾಗೆ ಮಾತಾಡುತ್ತಾಳೆ. ತನ್ನ ಅಜ್ಜಿಯೂ ಅದೇ ತೀರದವಳು, ಅಜ್ಜಿ ಸತ್ತ ಮೇಲೆ ಆ ಮಾತು ಕಿವಿಗೇ ಬಿದ್ದಿರಲಿಲ್ಲ, ಸಿದ್ದಾಪುರದ ರಸ್ತೆಯಲ್ಲಿ ಚಂದಯ್ಯನ ಬಾಯಲ್ಲಿ ಕೇಳಿದಾಗ ತಾನು ಸತ್ತೇ ಹೋದೆ ಎಂದುಕೊಂಡಿದ್ದೆ, ಎಂದಳು.

ಜನವರಿ ಮೊದಲ ವಾರ ಶ್ರೀಲತಾಳೇ ಫೋನು ಮಾಡಿ, ಚಂದಯ್ಯನನ್ನು ಕರೆತರಲು ಹೇಳಿದಳು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದ. ಎಲ್ಲ ಸರಿಯಾಯಿತೇನೋ ಎಂದು ನಾನೂ ಅಂದುಕೊಂಡೆ.

ಜಗಲಿಯಲ್ಲಿ ನತ್ಸುಮಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಮುಖ ಬಾಡಿತ್ತು. ಚಂದಯ್ಯನಿಗೆ ಸಂತೋಷವಾಗಲಿ ಎಂದು ಅವಳು ತನ್ನ ಅಮ್ಮನ ಮೂಲಕ ಮೊರಿತಾರ ಹಳ್ಳಿಯಲ್ಲಿ ಊರವರ ಹುಟ್ಟು ಸಾವು ಬರೆದಿಡುವ ದೇವಸ್ಥಾನಕ್ಕೆ ಫೋನು ಮಾಡಿಸಿದ್ದಳು. ಕಿಯೊ ಅಮ್ಮ ಬದುಕಿದ್ದರೆ ಮಾತಾಡಿಸಬೇಕು, ಇಲ್ಲದಿದ್ದರೆ ಸಮಾಧಿಯ ಫೋಟೋ ತರಿಸಬೇಕು ಎಂದು. ಅವಳು ತಾನೇ ಹೇಳಲಾರದೆ ಪ್ರಣೀತಾಳ ಕಡೆ ನೋಡಿದಳು.

"ಅಪ್ಪಯ್ಯ, ಮೊರಿತಾ ಅಜ್ಜನ ಹೆಸ್ರ್ ಅಲ್ಲಿದ್ದಿತ್ತಂಬ್ರ್," ಎಂದಳು ಪ್ರಣೀತಾ. "ಇಪ್ಪತ್ತನೇ ವಯಸ್ಸಿಗೇ ಊರ್ ಬಿಟ್ಟ್ ಹೋದವ್ರಂಬ್ರ್. ಅವ್ರಿಗೆ ಮದ್ವಿ ಆಯ್ಲಿಲ್ಲ. ಕಿಯೊ ಅಂಬವ್ರ್ ಯಾರೂ ಇಲ್ಲ."

ಚಂದಯ್ಯ ನಕ್ಕ, ಆಸ್ಪತ್ರೆಯಲ್ಲಿ ಶ್ರೀಲತಾ ನಕ್ಕ ಹಾಗೆಯೇ. "ಬೇರೆ ಮೊರಿತಾ ಇಪ್ಪುದ್ ಕಾಣ್," ಎಂದ. ನತ್ಸುಮಿಯ ಕಡೆ ತಿರುಗಿ ಜಪಾನಿಯಲ್ಲಿ ಅದನ್ನೇ ಕೇಳಿದ. ಅವಳು ಮೆಲ್ಲಗೆ ತಲೆಯಾಡಿಸಿದಳು. ಅದೇ ಮನೆತನ, ಅದೇ ಪುಣೆ, ಅದೇ ಸಾವಿನ ವರ್ಷ.

ಅವನು ನಿಂತಲ್ಲೇ ಕುಸಿದು ಕೂತ. "ದಿನಾ ಸಂಜಿಗ್ ಅವ್ಳ್ ಬಗ್ಗೆ ಹೇಳ್ತಿದ್ರ್," ಎಂದ. "ಇವತ್ತ್ ಕಿಯೊ ಎಂತ ಅಡ್ಗಿ ಮಾಡಿರ್ತ್ಳ್ ಅಂದೇಳಿ. ಹನ್ನೊಂದ್ ವರ್ಷ. ಅವ್ಳಿಗ್ ಕಾಲ್ ನೋವ್ ಅಂದೇಳಿ ನಾನ್ ಎಣ್ಣಿ ಕಾಸಿ ಅವ್ರ್ ಕೈಯಂಗ್ ಕಳ್ಸಿದ್ದೆ." ಅವನ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. "ಆ ಎಣ್ಣಿ ಎಂತ ಮಾಡ್ದ್ರ್ ಅವ್ರ್?"

ದುಗ್ಗಪ್ಪ ಶೆಟ್ರು ಎದ್ದು ಅಂಗಳದ ಕಡೆ ಮುಖ ಮಾಡಿದರು. ಶ್ರೀಲತಾ ಗಂಡನ ಎದುರು ಬಂದು ನಿಂತಳು. ಈಗ ಗೊತ್ತಾಯಿತಾ ಎಂದು ಕೇಳುತ್ತಾಳೆ ಅಂದುಕೊಂಡೆ. ಕೇಳುವ ಹಕ್ಕು ಅವಳಿಗಿತ್ತು. ಅವಳು ಕೇಳಲಿಲ್ಲ. ಒಂದು ಚೊಂಬು ನೀರು ತಂದು ಅವನ ಪಕ್ಕ ಇಟ್ಟು, ತಾನೂ ಅಲ್ಲೇ ಕೂತಳು.

"ಸಿಟ್ಟ್ ಬತ್ತಾ ಅವ್ರ್ ಮೇಲೆ?" ಎಂದಳು.

"ಇಲ್ಲೆ," ಎಂದ ಚಂದಯ್ಯ. ಆಮೇಲೆ ಅತ್ತ. ಐವತ್ತೆರಡು ವರ್ಷದ ಗಂಡಸು ಮಾವನ ಮನೆಯ ಜಗಲಿಯಲ್ಲಿ ಕೂತು, "ಪಾಪ, ಯಾರೂ ಇದ್ದಿರ್ಲಿಲ್ಲ ಅವ್ರಿಗೆ" ಎನ್ನುತ್ತಾ ಅತ್ತದ್ದನ್ನು ನಾನು ನೋಡಿದೆ.

ಅದರಿಂದ ಎಲ್ಲ ಮುಗಿಯಿತು ಎಂದರೆ ನಾನೂ ಸುಳ್ಳು ಹೇಳಿದ ಹಾಗಾಗುತ್ತದೆ. ನತ್ಸುಮಿ ಊರಿಗೆ ಹೊರಟ ಮೇಲೆಯೇ ಶ್ರೀಲತಾ ಕೆರಾಡಿಗೆ ಬಂದದ್ದು, ಮಗಳನ್ನೂ ಕರೆದುಕೊಂಡು. ಹೋಟೆಲು ಮತ್ತೆ ತೆರೆಯಿತು. ಗಿರಾಕಿಗಳು ಒಬ್ಬೊಬ್ಬರಾಗಿ, ಚಪ್ಪಲಿ ಕಳಚಿಟ್ಟೇ ಒಳಗೆ ಬಂದರು. ಚಂದಯ್ಯ ಈಗಲೂ ಕತೆ ಹೇಳುತ್ತಾನೆ. ಆದರೆ ಒಲೆಯ ಹತ್ತಿರದಿಂದ ಶ್ರೀಲತಾ, "ಇದ್ ಯಾರ್ ಕಂಡದ್?" ಎಂದು ಕೇಳುತ್ತಾಳೆ. "ಮೊರಿತಾ ಸಾನ್ ಹೇಳ್ದದ್" ಎಂದು ಅವನು ಹೇಳಿದ ಮೇಲೆಯೇ ಕತೆ ಮುಂದೆ ಹೋಗುವುದು. ಕೆಲವು ದಿನ ಆ ಪ್ರಶ್ನೆಯಲ್ಲಿ ನಗು ಇರುತ್ತದೆ, ಕೆಲವು ದಿನ ಇರುವುದಿಲ್ಲ.

ನತ್ಸುಮಿಯ ಮನೆಯವರಿಂದ ಕರೆ ಬಂತು, ಮೂವರೂ ಬನ್ನಿ ಎಂದು. ಶ್ರೀಲತಾ ಗಂಡನಿಗೆ ನೇರವಾಗಿ ಹೇಳಿದಳು. "ಹತ್ತೊಂಬತ್ತ್ ವರ್ಷ ನೀವ್ ಹೇಳ್ದ್ರಿ, ನಾನ್ ಕೇಂಡೆ. ಈ ಸಲ ನಾನ್ ಕಂಡ್ ಬಂದ್ ಹೇಳ್ತೆ, ನೀವ್ ಕೇಣಿ." ಅವನು ಹೂಂ ಎಂದ. ಟಿಕೆಟ್ಟು ಮಾಡಿಸಿದ್ದು ದುಗ್ಗಪ್ಪ ಶೆಟ್ರು. ಪ್ರಣೀತಾಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲಿನಲ್ಲಿ ತಾಯಿ ಮಗಳು ಹೊರಟರು. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ.

ಎಂಟನೇ ದಿನ, ಮಧ್ಯಾಹ್ನದ ಊಟ ಮುಗಿದು ಹೋಟೆಲಿನಲ್ಲಿ ನಾನೂ ಚಂದಯ್ಯನೂ ಇದ್ದಾಗ ವಿಡಿಯೋ ಕರೆ ಬಂತು. ಅವರು ಮೊರಿತಾರ ಹಳ್ಳಿಯಲ್ಲಿದ್ದರು. ಶ್ರೀಲತಾಳ ಮುಖ ಬೆರಗಿನಿಂದ ಒಂಥರಾ ಆಗಿತ್ತು.

"ಹ್ವಾಯ್, ಇಲ್ಲಿ ಜನವೇ ಇಲ್ಲೆ!" ಎಂದಳು. "ಶಾಲಿ ಮುಚ್ಚಿತ್ತ್. ಮನಿಗಳೆಲ್ಲ ಹಾಂಗೇ ಇತ್ತ್, ಬೀಗ ಹಾಕಿ. ಇಡೀ ಊರಂಗೆ ಹನ್ನೆರ್ಡೇ ಜನ ಅಂಬ್ರ್. ಎಲ್ಲ ಮುದ್ಕ್ರ್." ಫೋನು ತಿರುಗಿಸಿ ತೋರಿಸಿದಳು. ಖಾಲಿ ದಕ್ಕೆ, ಮೇಲೆಳೆದಿಟ್ಟ ಎರಡು ದೋಣಿ, ಬೂದು ಬಣ್ಣದ ಕಡಲು. ಚಂದಯ್ಯ ಪರದೆಯ ಹತ್ತಿರ ಮುಖ ತಂದು ಮಿಸುಕದೆ ನೋಡಿದ. ಇಷ್ಟು ವರ್ಷ ಅವನು ಆ ಊರಿನಲ್ಲಿ ಎಷ್ಟೊಂದು ಜನರನ್ನು ಇಟ್ಟಿದ್ದನೋ.

ಆಮೇಲೆ ಫೋನಿನಲ್ಲಿ ಒಂದು ದೊಡ್ಡ ಕೋಣೆ ಕಾಣಿಸಿತು. ಹನ್ನೆರಡೂ ಜನ ಸಾಲಾಗಿ ಕೂತಿದ್ದರು. ಶ್ರೀಲತಾ ಊರಿನಿಂದ ಒಯ್ದ ಮೆಣಸು ಅರೆದು ಅಲ್ಲಿಯ ಮೀನಿನ ಸಾರು ಮಾಡಿದ್ದಳು. ತುದಿಯಲ್ಲಿ ಕೂತ ಒಬ್ಬ ಅಜ್ಜ ಬೆವರು ಒರೆಸಿಕೊಳ್ಳುತ್ತಾ ಖಾಲಿ ಬಟ್ಟಲನ್ನೇ ನೋಡುತ್ತಿದ್ದ.

"ಬೇಗ ಹೇಳಿ, 'ಇನ್ನೊಂದ್ಚೂರ್ ಹಾಕ್ಲಾ' ಅಂಬುಕೆ ಇವ್ರ್ ಮಾತಂಗ್ ಎಂತ ಹೇಳುದ್?"

ಚಂದಯ್ಯ ಹೇಳಿದ. ಅವಳು ಹೇಳಿದಳು, ತಪ್ಪಿತು. ಅವನು ಬಿಡಿಸಿ ಬಿಡಿಸಿ ಮತ್ತೊಮ್ಮೆ ಹೇಳಿಕೊಟ್ಟ. ಅಷ್ಟರಲ್ಲಿ ಆ ಅಜ್ಜ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ.